ಪದವಿಯ ಮುಂದಿನ ಮೆಟ್ಟಿಲು

ಎಂ. ಎ. ಮುಗಿಸಿದ ಮಗನೋ ಮಗಳೋ ಮನೆಯಲ್ಲಿ ಕುಳಿತಿದ್ದರೆ ತಂದೆಗೆ ನಿದ್ರೆ ಹತ್ತದು. “ವಿಶ್ವವಿದ್ಯಾನಿಲಯದಲ್ಲಿ ಕೆಲಸಕ್ಕೆ ಯಾರನ್ನು ಕಾಣಬೇಕು?” ಎಂಬುದು ಅವರ ಮೊದಲ ಪ್ರಶ್ನೆ. ಯಾರನ್ನಾದರೂ ಕಾಣುವ ಮೊದಲು ಕ್ಯಾಲೆಂಡರನ್ನು ಕಾಣುವುದು ಮೇಲು.

1989ರಲ್ಲಿ ಆರಂಭವಾದ ನೆಟ್ ಪರೀಕ್ಷೆಗೆ ಸ್ನಾತಕೋತ್ತರ ಪದವಿಯಲ್ಲಿ ಶೇಕಡ 55 ಅಂಕಗಳು ಬೇಕು. ಮೀಸಲು ವರ್ಗದವರಿಗೆ 50 ಸಾಕು. ಅದರಲ್ಲಿ ಮೇಲಿನ ಸಾಲಿಗೆ ಬಂದವರಿಗೆ ಜೆ. ಆರ್. ಎಫ್. ಎಂಬ ಸಂಶೋಧನ ವೇತನವುಂಟು. 2023ರ ಜನವರಿಯಿಂದ ಅದು ತಿಂಗಳಿಗೆ 37,000 ರೂಪಾಯಿಗೆ ಏರಿತು. ಆದರೆ ಸಾಮಾನ್ಯ ವರ್ಗದ ಪುರುಷರಿಗೆ ಮೂವತ್ತು ತುಂಬಿತೆಂದರೆ ಆ ಬಾಗಿಲು ಮುಚ್ಚಿತು. ಸ್ತ್ರೀಯರಿಗೂ ಮೀಸಲು ವರ್ಗದವರಿಗೂ ಐದು ವರ್ಷಗಳ ಸಡಿಲಿಕೆಯಿದೆ. ಅಧ್ಯಾಪಕ ಹುದ್ದೆಯ ಅರ್ಹತೆಗೆ ಪರೀಕ್ಷೆ ಬರೆಯುವವರಿಗೆ ವಯಸ್ಸಿನ ಮಿತಿಯಿಲ್ಲ. ಕೆ-ಸೆಟ್ ತೇರ್ಗಡೆಯೂ ಈ ಅರ್ಹತೆಯನ್ನೇ ಕೊಡುತ್ತದೆ, ಆದರೆ ಕರ್ನಾಟಕದೊಳಗೆ ಮಾತ್ರ.

ಈ ನಡುವೆ ಎರಡು ಆಕರ್ಷಣೆಗಳು ಎದುರಾಗುತ್ತವೆ. ಸಂಶೋಧನ ಯೋಜನೆಯ ಸಹಾಯಕ ಹುದ್ದೆ ಒಂದು. ಕೆಲಸ ಕಲಿಸುತ್ತದೆ, ಯೋಜನೆಯೊಡನೆ ಮುಗಿಯುತ್ತದೆ. ಇನ್ನೊಂದು ಅತಿಥಿ ಉಪನ್ಯಾಸಕ ವೃತ್ತಿ. ಅತಿಥಿಗೆ ಎಲೆ ಹಾಕಿಯಾರು, ಮನೆ ಬರೆದುಕೊಡಲಾರರು. ಎರಡನ್ನೂ ಒಪ್ಪಿಕೊಳ್ಳಬಹುದು, ಪರೀಕ್ಷೆಯ ಓದನ್ನು ಮಾತ್ರ ಬಿಡಬಾರದು. ದಿನವೆಲ್ಲ ಪಾಠ ಹೇಳಿ ದಣಿದವನಿಗೆ ಮೂವತ್ತು ಬಂದುದೇ ತಿಳಿಯುವುದಿಲ್ಲ.

ಹಿರಿಯರಲ್ಲೊಂದು ಬಿನ್ನಹ: ಪದವಿ ದೊರೆತ ಮೊದಲೆರಡು ವರ್ಷ ಮಕ್ಕಳಿಂದ ಸಂಬಳವನ್ನು ಅಪೇಕ್ಷಿಸದಿರಿ. ನೀವು ಕೊಡಬಹುದಾದ ದೊಡ್ಡ ಶಿಫಾರಸು ಅದೇ.