ಕಂಬಳದಿಂದ ಟ್ರ್ಯಾಕ್‌ಗೆ: ಕೂಡಿಬರದ ವರ್ಗಾವಣೆಗೆ ಹೊಣೆ ಯಾರು?

ಫುಟ್‌ಬಾಲ್ ಆಟಗಾರನೊಬ್ಬ ಕ್ಲಬ್ ಬದಲಿಸುವ ಮಾತುಕತೆ ಕೊನೇ ಗಳಿಗೆಯಲ್ಲಿ ಮುರಿದುಬಿದ್ದರೆ, ಅಭಿಮಾನಿಗಳ ತೀರ್ಪು ಬೆಳಗಾಗುವುದರೊಳಗೆ ಬಂದುಬಿಡುತ್ತದೆ. ಆಟಗಾರನಿಗೆ ದುರಾಸೆ ಎನ್ನುತ್ತಾರೆ ಕೆಲವರು. ಮಾಲೀಕ ಕೈಬಿಚ್ಚಲಿಲ್ಲ, ಏಜೆಂಟ್ ಕೆಡಿಸಿದ ಎನ್ನುತ್ತಾರೆ ಉಳಿದವರು. ಯುರೋಪಿನ ವರ್ಗಾವಣೆ ಅವಧಿ ಮುಗಿಯುವ ದಿನಗಳಲ್ಲಿ ಮಣಿಪಾಲದ ಹಾಸ್ಟೆಲುಗಳಲ್ಲೂ ಈ ವಾದ ಬಿಸಿಯಾಗಿಯೇ ನಡೆಯುತ್ತದೆ. ಇದೇ ಬಗೆಯ ವಾದವೊಂದು 2020ರ ಫೆಬ್ರುವರಿಯಲ್ಲಿ ನಮ್ಮ ಕರಾವಳಿಯ ಹೆಸರಿನಲ್ಲಿ ಇಡೀ ದೇಶದಲ್ಲಿ ನಡೆಯಿತು. ಅದು ಫುಟ್‌ಬಾಲ್ ಆಟಗಾರನ ಕುರಿತದ್ದಲ್ಲ, ಕಂಬಳದ ಓಟಗಾರ ಶ್ರೀನಿವಾಸ ಗೌಡರ ಕುರಿತದ್ದು. ಕೆಸರಿನ ಓಟದ ಹಾದಿಯಾದ ‘ಕರೆ’ಯಿಂದ ಅಥ್ಲೆಟಿಕ್ಸ್ ಟ್ರ್ಯಾಕ್‌ಗೆ ಅವರನ್ನು ‘ವರ್ಗಾಯಿಸುವ’ ಪ್ರಯತ್ನ ಕೈಗೂಡಲಿಲ್ಲ. ಯಾಕೆ ಕೈಗೂಡಲಿಲ್ಲ ಎಂಬುದನ್ನು ಸಮಾಧಾನದಿಂದ ನೋಡುವ ಕೆಲಸ ಅಂದು ಆಗಲಿಲ್ಲ.

ನಡೆದದ್ದು ಇಷ್ಟು. ಮೂಡುಬಿದಿರೆ ಸಮೀಪದ ಮಿಜಾರಿನ ಶ್ರೀನಿವಾಸ ಗೌಡರು ಐಕಳದ ಕಂಬಳದಲ್ಲಿ 142.5 ಮೀಟರ್ ಉದ್ದದ ಕರೆಯನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಯಾರೋ ಅದನ್ನು 100 ಮೀಟರಿಗೆ ಭಾಗಿಸಿದರು, 9.55 ಎಂಬ ಸಂಖ್ಯೆ ಹೊರಬಂತು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಬರೆದ ವಿಶ್ವದಾಖಲೆ 9.58. ಅಲ್ಲಿಗೆ ಮಿಜಾರಿನ ಯುವಕ ‘ಭಾರತದ ಬೋಲ್ಟ್’ ಆದರು. ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಪರೀಕ್ಷೆಗೆ ಏರ್ಪಾಡು ಮಾಡಿದರು; ರೈಲು ಟಿಕೆಟ್ ಕೂಡ ಆಗಿದೆ, ಸೋಮವಾರ ತಲುಪುತ್ತಾರೆ ಎಂದು ಘೋಷಿಸಿದರು. ಆ ಸೋಮವಾರ, ಫೆಬ್ರುವರಿ 17ರಂದು, ಗೌಡರು ಬೆಂಗಳೂರಿಗೆ ಬಂದರು. ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರಿಂದ ಸನ್ಮಾನ, 3 ಲಕ್ಷ ರೂಪಾಯಿ ಬಹುಮಾನ ಸ್ವೀಕರಿಸಿದರು. ಪರೀಕ್ಷೆಗೆ ಮಾತ್ರ ನಿಲ್ಲಲಿಲ್ಲ. ಕಾಲಿಗೆ ಗಾಯವಾಗಿದೆ, ಗಮನವೆಲ್ಲ ಕಂಬಳದ ಮೇಲಿದೆ, ಕಂಬಳದ ಓಟವೇ ಬೇರೆ, ಟ್ರ್ಯಾಕ್ ಓಟವೇ ಬೇರೆ ಎಂದರು.

ಕೂಡಲೇ ಪಕ್ಷಗಳಾದವು. ಬಂದ ಅವಕಾಶವನ್ನು ಓಟಗಾರನೇ ಕೈಯಾರೆ ಬಿಟ್ಟ ಎಂಬುದು ಒಂದು ಪಕ್ಷ. ಕಂಬಳದವರೇ ಬಿಟ್ಟುಕೊಡಲಿಲ್ಲ ಎಂಬುದು ಇನ್ನೊಂದು. ಪ್ರಚಾರಕ್ಕಾಗಿ ದೆಹಲಿ ಅವಸರ ಮಾಡಿತು ಎಂದರು ಕೆಲವರು. ಬೋಲ್ಟ್ ಹೆಸರು ಎಳೆತಂದ ಮಾಧ್ಯಮಗಳದ್ದೇ ತಪ್ಪು ಎಂದರು ಹಲವರು. ಇವುಗಳಲ್ಲಿ ಹೆಚ್ಚು ಬಾಳಿದ್ದು ಮೊದಲನೆಯ ಮಾತು. ಅತ್ಯಂತ ಅನ್ಯಾಯದ ಮಾತೂ ಅದೇ.

ಇಲ್ಲಿ ಫುಟ್‌ಬಾಲ್ ನಮಗೆ ಉಪಯೋಗಕ್ಕೆ ಬರುತ್ತದೆ. ಆ ಆಟದಲ್ಲಿ ವರ್ಗಾವಣೆ ಎಂದರೆ ಆಟಗಾರನ ಇಷ್ಟವೊಂದೇ ಅಲ್ಲ. ಬಿಡುವ ಕ್ಲಬ್ಬಿನ ಒಪ್ಪಿಗೆ, ಕೊಳ್ಳುವ ಕ್ಲಬ್ಬಿನ ಕರಾರು, ವೈದ್ಯಕೀಯ ತಪಾಸಣೆ, ಗಡುವಿನೊಳಗೆ ನೋಂದಣಿ ಇವೆಲ್ಲ ಕೂಡಿಬರಬೇಕು. 2015ರ ಆಗಸ್ಟ್ 31ರಂದು ಮ್ಯಾಂಚೆಸ್ಟರ್ ಯುನೈಟೆಡ್‌ನ ಗೋಲ್‌ಕೀಪರ್ ಡೇವಿಡ್ ಡಿ ಗೆಯಾ ರಿಯಲ್ ಮ್ಯಾಡ್ರಿಡ್ ಸೇರುವುದು ಹೆಚ್ಚುಕಡಿಮೆ ಖಚಿತವಾಗಿತ್ತು. ಕಾಗದಪತ್ರಗಳು ಗಡುವಿನೊಳಗೆ ನೋಂದಣಿ ವ್ಯವಸ್ಥೆಗೆ ಸೇರಲಿಲ್ಲ, ವರ್ಗಾವಣೆ ಬಿದ್ದುಹೋಯಿತು. ಎರಡೂ ಕ್ಲಬ್‌ಗಳು ಹೇಳಿಕೆ ಕೊಟ್ಟು ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿದವು. ಡಿ ಗೆಯಾಗೆ ನಷ್ಟವೇನೂ ಆಗಲಿಲ್ಲ; ಎರಡು ವಾರದೊಳಗೆ ಹಳೆಯ ಕ್ಲಬ್ಬಿನೊಂದಿಗೇ ಹೊಸ ಕರಾರಿಗೆ ಸಹಿ ಹಾಕಿದರು. ಆದರೆ ಎಲ್ಲರಿಗೂ ಹಾಗಾಗುವುದಿಲ್ಲ. 2013ರ ಜನವರಿಯ ಕೊನೆಯ ದಿನ ವೆಸ್ಟ್ ಬ್ರಾಮ್‌ವಿಚ್ ತಂಡದ ನೈಜೀರಿಯಾದ ಆಟಗಾರ ಪೀಟರ್ ಒಡೆಮ್‌ವಿಂಗಿ ತಾವೇ ಕಾರು ಚಲಾಯಿಸಿಕೊಂಡು ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ಬಿನ ಬಾಗಿಲಿಗೆ ಹೋದರು. ಕ್ಲಬ್‌ಗಳ ನಡುವೆ ಒಪ್ಪಂದವೇ ಆಗಿರಲಿಲ್ಲ. ನಗೆಪಾಟಲಿಗೆ ಈಡಾದದ್ದು ಕ್ಲಬ್‌ಗಳಲ್ಲ, ಆಟಗಾರ.

ಅದೇ ಕ್ವೀನ್ಸ್ ಪಾರ್ಕ್ ರೇಂಜರ್ಸ್ 2009ರಲ್ಲಿ ಸುನಿಲ್ ಚೆಟ್ರಿ ಅವರೊಂದಿಗೆ ಮೂರು ವರ್ಷಗಳ ಒಪ್ಪಂದಕ್ಕೆ ಮುಂದಾಗಿತ್ತು. ಮುಂದೆ ಬೆಂಗಳೂರು ಎಫ್‌ಸಿಯ ನಾಯಕನಾಗಿ ಕನ್ನಡಿಗರಿಗೆ ಹತ್ತಿರವಾದ ಆಟಗಾರ ಅವರು. ಬ್ರಿಟನ್ ಸರ್ಕಾರ ಕೆಲಸದ ಪರವಾನಗಿ ಕೊಡಲಿಲ್ಲ. ಆಟಗಾರನ ದೇಶ ಫಿಫಾ ಪಟ್ಟಿಯ ಮೊದಲ 70 ಸ್ಥಾನಗಳಲ್ಲಿ ಇರಬೇಕೆಂಬುದು ಆಗಿನ ನಿಯಮ. ಭಾರತ 100ರ ಆಚೆ ಇತ್ತು. ಚೆಟ್ರಿ ಪ್ರತಿಭೆಯಲ್ಲಿ ಕೊರತೆಯಿರಲಿಲ್ಲ, ಕ್ಲಬ್ಬಿಗೆ ಮನಸ್ಸಿಲ್ಲದೆಯೂ ಇರಲಿಲ್ಲ. ದಶಕಗಳ ಕಾಲ ನಮ್ಮ ಫುಟ್‌ಬಾಲ್ ಆಡಳಿತ ದೇಶದ ಆಟವನ್ನು ಎಲ್ಲಿ ನಿಲ್ಲಿಸಿತ್ತೋ ಅದರ ಬೆಲೆಯನ್ನು ಒಬ್ಬ ಆಟಗಾರ ತೆತ್ತರು. ಅಂಥ ಚೆಟ್ರಿಯವರ ಬಗ್ಗೆಯೂ ‘ಯುರೋಪಿನಲ್ಲಿ ನಿಲ್ಲಲಾಗಲಿಲ್ಲ’ ಎಂದು ಹೇಳುವವರಿದ್ದಾರೆ.

ಈ ಉದಾಹರಣೆಗಳಿಂದ ತೆಗೆದುಕೊಳ್ಳಬೇಕಾದ ಅಳತೆಗೋಲು ಒಂದೇ: ಯಾರ ಕೈಯಲ್ಲಿ ಎಷ್ಟು ಅಧಿಕಾರವಿತ್ತೋ ಅವರಿಗೆ ಅಷ್ಟು ಹೊಣೆ. ಶ್ರೀನಿವಾಸ ಗೌಡರ ಪ್ರಕರಣವನ್ನು ಈ ಅಳತೆಗೆ ಹಚ್ಚಿ ನೋಡೋಣ.

ಮೊದಲನೆಯದು ಕೌಶಲದ ಮಾತು. ಓಟ ಶುರುವಾಗುವ ಗಂತಿನಿಂದ ಅದು ಮುಗಿಯುವ ಮಂಜೊಟ್ಟಿಯವರೆಗೆ ಓಟಗಾರ ಒಬ್ಬನೇ ಓಡುವುದಿಲ್ಲ. ಜೋಡಿ ಕೋಣಗಳ ವೇಗ ಅವನನ್ನು ಎಳೆದೊಯ್ಯುತ್ತದೆ. ಕೆಸರುನೀರಿನಲ್ಲಿ ಹಿಮ್ಮಡಿಯೂರಿ, ಮೈಯನ್ನು ಹಿಂದಕ್ಕೆ ವಾಲಿಸಿ, ಹಿಡಿತ ಬಿಡದೆ, ಕೋಣಗಳ ಹೆಜ್ಜೆಗೆ ತನ್ನ ಹೆಜ್ಜೆ ಕೂಡಿಸಬೇಕು. ಕೋಣ ಓರೆಯಾದರೆ ಸರಿಪಡಿಸುವ ಹೊಣೆಯೂ ಅವನದೇ. 100 ಮೀಟರ್ ಓಟಗಾರ ಬೆರಳುಗಳ ಮೇಲೆ, ಸ್ಪೈಕ್ಸ್ ತೊಟ್ಟು, ಸ್ಟಾರ್ಟಿಂಗ್ ಬ್ಲಾಕಿನಿಂದ ಒಬ್ಬನೇ ಸಿಡಿಯುತ್ತಾನೆ. ಈ ವ್ಯತ್ಯಾಸವನ್ನು ಅಂದು ಸ್ಪಷ್ಟವಾಗಿ ಹೇಳಿದವರು ಸ್ವತಃ ಗೌಡರೇ. ಯಶಸ್ಸಿನಲ್ಲಿ ಕೋಣಗಳಿಗೂ ಪಾಲಿದೆ, ತನ್ನನ್ನು ಬೋಲ್ಟ್‌ಗೆ ಹೋಲಿಸಬೇಡಿ ಎಂದರು. ಅವರ ಬೆನ್ನಿಗೇ ವೇಣೂರಿನಲ್ಲಿ ಕಾರ್ಕಳ ತಾಲ್ಲೂಕಿನ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದರು. ಲೆಕ್ಕ ಹಾಕಿದರೆ 100 ಮೀಟರಿಗೆ 9.51. ಆಗ 100 ಮೀಟರ್ ಓಟದ ರಾಷ್ಟ್ರೀಯ ದಾಖಲೆಯೇ ಅಮಿಯ ಮಲಿಕ್ ಅವರ 10.26. ಒಂದೇ ತಿಂಗಳಲ್ಲಿ ಎರಡು ತಾಲ್ಲೂಕುಗಳಿಂದ ಇಬ್ಬರು ಬೋಲ್ಟ್‌ಗಳು ಹುಟ್ಟಲಿಲ್ಲ. ಹೋಲಿಕೆಯೇ ತಪ್ಪು ಎಂಬುದಕ್ಕೆ ಅಷ್ಟು ಸಾಕಿತ್ತು.

ಎರಡನೆಯದು ಕಾಲ. ಕಂಬಳದ ಋತು ನವೆಂಬರ್ ಹೊತ್ತಿಗೆ ಆರಂಭವಾಗಿ ಮಾರ್ಚ್‌ವರೆಗೆ ಸಾಗುತ್ತದೆ. ಕಟಪಾಡಿಯ ಮೂಡು-ಪಡು, ಮಿಯ್ಯಾರಿನ ಲವ-ಕುಶ ಹೀಗೆ ಒಂದಾದ ಮೇಲೊಂದು ಜೋಡುಕರೆ ಕಂಬಳ. ಓಟಗಾರ ಬೇರೆ ಬೇರೆ ವಿಭಾಗಗಳಲ್ಲಿ ಬೇರೆ ಬೇರೆ ಯಜಮಾನರ ಕೋಣಗಳಿಗೆ ಮಾತು ಕೊಟ್ಟಿರುತ್ತಾನೆ. ವರ್ಷವಿಡೀ ಸಾಕಿ ಪಳಗಿಸಿದ ಕೋಣಗಳು ಆ ಮಾತಿನ ಮೇಲೆ ಕರೆಗೆ ಇಳಿಯುತ್ತವೆ. ಫೆಬ್ರುವರಿಯ ನಡುವೆ ಅವನನ್ನು ಎಬ್ಬಿಸಿಕೊಂಡು ಹೋಗುವುದೆಂದರೆ ಋತುವಿನ ಮಧ್ಯದಲ್ಲಿ ತಂಡ ಬಿಡಿಸಿದಂತೆ. ಫುಟ್‌ಬಾಲಿನಲ್ಲಿ ಅದಕ್ಕೂ ಜನವರಿಯೆಂಬ ಅವಧಿಯಿದೆ, ಪರಿಹಾರವಿದೆ. ಇಲ್ಲಿ ಏನೂ ಇರಲಿಲ್ಲ. ‘ಕಂಬಳದವರು ಬಿಡಲಿಲ್ಲ’ ಎನ್ನುವವರು ಇನ್ನೊಂದನ್ನೂ ನೆನೆಯಬೇಕು. 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಂಬಳ ನಿಂತೇಹೋಗುವ ಸ್ಥಿತಿಗೆ ಬಂದಿತ್ತು. ರಾಜ್ಯದ ತಿದ್ದುಪಡಿ ಕಾಯ್ದೆಯ ಬಲದಿಂದ ಮತ್ತೆ ನಡೆಯುತ್ತಿದ್ದರೂ ಸಂವಿಧಾನ ಪೀಠ ಅದನ್ನು ಎತ್ತಿಹಿಡಿದದ್ದು 2023ರ ಮೇ 18ರಂದು. ತನ್ನ ಅಸ್ತಿತ್ವವೇ ನ್ಯಾಯಾಲಯದ ಕಟಕಟೆಯಲ್ಲಿದ್ದಾಗ ಆ ಸಮುದಾಯ ತನ್ನ ಹೆಮ್ಮೆಯ ಓಟಗಾರನನ್ನು ಹತ್ತಿರ ಇಟ್ಟುಕೊಳ್ಳಬಯಸಿದರೆ ಅದು ಅಪರಾಧವಲ್ಲ.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಕರಾರು. ಫುಟ್‌ಬಾಲ್ ಆಟಗಾರ ಕ್ಲಬ್ ಬದಲಿಸುವಾಗ ಸಂಬಳ, ಅವಧಿ, ಗಾಯಗೊಂಡರೆ ಗತಿಯೇನು ಎಂಬುದೆಲ್ಲ ಬರಹದಲ್ಲಿರುತ್ತದೆ. ಕಟ್ಟಡ ಕೆಲಸ ಮಾಡಿ ಬದುಕುತ್ತಿದ್ದ 28 ವರ್ಷದ ಯುವಕನ ಮುಂದೆ ಸಾರ್ವಜನಿಕವಾಗಿ ಇಟ್ಟದ್ದು ರೈಲು ಟಿಕೆಟ್ ಮತ್ತು ಒಂದು ಪರೀಕ್ಷೆ. ಅದರಲ್ಲಿ ಗೆದ್ದರೆ ಮುಂದೇನು, ಸೋತರೆ ದಿನಗೂಲಿ ಯಾರು ತುಂಬಿಕೊಡುತ್ತಾರೆ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಸೋತರೆ ಏನಾಗುತ್ತದೆ ಎಂಬುದಕ್ಕೆ ಆರು ತಿಂಗಳ ಹಿಂದಿನ ಉದಾಹರಣೆ ಕಣ್ಣೆದುರಿಗಿತ್ತು. 2019ರ ಆಗಸ್ಟ್‌ನಲ್ಲಿ ಮಧ್ಯಪ್ರದೇಶದ ರಾಮೇಶ್ವರ್ ಗುರ್ಜರ್ ಬರಿಗಾಲಲ್ಲಿ ಓಡಿದ ವಿಡಿಯೊ ಹರಡಿ, ಅವರನ್ನು ಭೋಪಾಲದ ಕ್ರೀಡಾಂಗಣಕ್ಕೆ ಕರೆತಂದು ಓಡಿಸಿದರು. ಕೊನೆಯವರಾಗಿ ಗುರಿ ಮುಟ್ಟಿದರು. ಕೆಲವೇ ದಿನಗಳ ಹಿಂದೆ ಹೊಗಳಿದ್ದ ಜನರೇ ಗೇಲಿ ಮಾಡಿದರು. ಆ ಸೋಲಿನ ಹೊಣೆಯೂ ಕರೆತಂದವರಿಗೆ ತಟ್ಟಲಿಲ್ಲ.

ಹಾಗಾದರೆ ತೀರ್ಪೇನು? ಗೌಡರು ಮಾಡಿದ್ದು ಸರಿ. ತನ್ನ ಮೈ, ತನ್ನ ಓಟ, ತನ್ನ ಮಿತಿ ಮೂರನ್ನೂ ಬಲ್ಲ ಕ್ರೀಡಾಪಟುವಿನ ನಿರ್ಧಾರ ಅದು. ಸಚಿವರ ಉದ್ದೇಶ ಒಳ್ಳೆಯದಿರಬಹುದು. ಪ್ರತಿಭೆ ಎಲ್ಲಿದ್ದರೂ ಹುಡುಕಬೇಕು ಎನ್ನುವುದರಲ್ಲಿ ತಪ್ಪಿಲ್ಲ. ಆದರೆ ಹರಿದಾಡಿದ ವಿಡಿಯೊ ನೋಡಿ ಕರೆಯುವುದು ಪ್ರತಿಭಾಶೋಧವಲ್ಲ. ಹೊಣೆಯ ದೊಡ್ಡ ಪಾಲು ಅಂಥ ಶೋಧಕ್ಕೆ ದಾರಿಯನ್ನೇ ಕಟ್ಟದ ವ್ಯವಸ್ಥೆಯದು. ಉಳಿದ ಪಾಲು, ಭಾಗಾಕಾರ ಮಾಡಿ ಬೋಲ್ಟ್‌ನನ್ನು ಸೃಷ್ಟಿಸಿದ ನಮ್ಮಂಥ ಬರೆಯುವವರು ಮತ್ತು ಅದನ್ನು ಹಂಚಿದವರದು.

ದಾರಿ ಕಟ್ಟುವುದು ಅಸಾಧ್ಯವೂ ಅಲ್ಲ. ಉಡುಪಿಯ ಅಜ್ಜರಕಾಡಿನಲ್ಲಿ, ಮೂಡುಬಿದಿರೆಯ ಸ್ವರಾಜ್ ಮೈದಾನದಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇದೆ. ಅಥ್ಲೆಟಿಕ್ಸ್‌ನಲ್ಲಿ ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಸಂಸ್ಥೆಗೆ ದೇಶದಲ್ಲೇ ಹೆಸರಿದೆ. ಕಾರ್ಕಳದ ಮಿಯ್ಯಾರಿನಲ್ಲಿ ಪ್ರೊ. ಕೆ. ಗುಣಪಾಲ ಕಡಂಬ ಅವರು ಕಟ್ಟಿದ ಕಂಬಳ ಅಕಾಡೆಮಿ ಯುವಕರಿಗೆ ಕ್ರಮಬದ್ಧ ತರಬೇತಿ ಕೊಟ್ಟಿದೆ. ಶ್ರೀನಿವಾಸ ಗೌಡರೂ ಅಲ್ಲಿ ಪಳಗಿದವರು. ಕರೆಯೂ ಟ್ರ್ಯಾಕೂ ಬಸ್ಸಿನ ದೂರದಲ್ಲಿವೆ. ಇವೆರಡರ ನಡುವೆ ಕ್ರೀಡಾ ಇಲಾಖೆಯ ಒಂದು ಖಾಯಂ ಏರ್ಪಾಡು ಬೇಕು.

ಅದು ಫುಟ್‌ಬಾಲಿನ ಎರವಲು ಪದ್ಧತಿಯಂತಿರಲಿ: ಋತುವಿನಲ್ಲಿ ಕಂಬಳ, ಋತು ಮುಗಿದ ಮೇಲೆ ಏಪ್ರಿಲ್‌ನಿಂದ ಆಸಕ್ತರಿಗೆ ಟ್ರ್ಯಾಕ್ ತರಬೇತಿ, ಆ ತಿಂಗಳುಗಳಿಗೆ ಕೂಲಿನಷ್ಟ ತುಂಬುವ ಭತ್ಯೆ. ಹುಡುಕಾಟ 28ರ ವಯಸ್ಸಿನಲ್ಲಿ ಅಲ್ಲ, ಕಾಪು, ಕಾರ್ಕಳದ ಸರ್ಕಾರಿ ಶಾಲೆಗಳ 12, 13ರ ವಯಸ್ಸಿನಲ್ಲಿ ಶುರುವಾಗಲಿ. ಇನ್ನೊಂದು ಒಳ್ಳೆಯ ನಿಯಮವನ್ನೂ ಫುಟ್‌ಬಾಲಿನಿಂದ ತರಬಹುದು. ಆಟಗಾರನೊಬ್ಬ ಕರಾರಿನ ನಡುವೆ ದೊಡ್ಡ ಮೊತ್ತಕ್ಕೆ ಬೇರೆ ದೇಶದ ಕ್ಲಬ್ ಸೇರಿದಾಗ, 12ರಿಂದ 23ರ ವಯಸ್ಸಿನಲ್ಲಿ ಅವನನ್ನು ಬೆಳೆಸಿದ ಕ್ಲಬ್‌ಗಳಿಗೆ ಆ ಮೊತ್ತದ ಶೇ 5ರಷ್ಟು ಹಂಚಬೇಕೆಂದು ಫಿಫಾ ವಿಧಿಸಿದೆ. ಊರಿನ ಹುಡುಗ ಕ್ರೀಡಾ ಪ್ರಾಧಿಕಾರದ ಕೇಂದ್ರಕ್ಕೆ ಆಯ್ಕೆಯಾದರೆ ಅವನನ್ನು ಬೆಳೆಸಿದ ಶಾಲೆಗೆ, ವ್ಯಾಯಾಮ ಶಿಕ್ಷಕರಿಗೆ, ಅಕಾಡೆಮಿಗೆ ಸರ್ಕಾರ ಇಂತಿಷ್ಟು ಅನುದಾನ ಕೊಡಲಿ. ಆಗ ‘ಬಿಟ್ಟುಕೊಡುವ’ ಊರಿಗೂ ಗೆದ್ದ ಭಾವ ಬರುತ್ತದೆ.

ಪ್ರತಿಭೆಯನ್ನು ಕರೆಯುವ ಹಕ್ಕು ಸರ್ಕಾರಕ್ಕಿದೆ. ಒಲ್ಲೆ ಎನ್ನುವ ಹಕ್ಕು ಕ್ರೀಡಾಪಟುವಿಗಿದೆ. ಮುಂದೊಮ್ಮೆ ನಮ್ಮ ಊರಿನ ಓಟಗಾರನೋ ಆಟಗಾರನೋ ಬಂದ ಕರೆಯನ್ನು ತಿರಸ್ಕರಿಸಿದ ಸುದ್ದಿ ಓದಿದಾಗ, ಅವನ ಧೈರ್ಯ, ಮಹತ್ವಾಕಾಂಕ್ಷೆಗಳ ಬಗ್ಗೆ ಮಾತಾಡುವ ಮೊದಲು ಅವನಿಗೆ ಕೊಟ್ಟ ಕರಾರಿನಲ್ಲಿ ಏನಿತ್ತು ಎಂದು ಕೇಳಿ.