ಕೆಟ್ಟ ಕಾರಿಗೆ ಹಗ್ಗದ ಉಪಕಾರ ಬೇಡ

ಹಳ್ಳಿಯ ರಸ್ತೆಯಲ್ಲಿ ಕಾರೊಂದು ಕೆಟ್ಟು ನಿಂತರೆ ಜನ ಮೊದಲು ಹುಡುಕುವುದು ಮೆಕ್ಯಾನಿಕ್‌ನನ್ನಲ್ಲ, ಟ್ರ್ಯಾಕ್ಟರ್ ಇರುವ ರೈತನನ್ನು. ಕಷ್ಟದಲ್ಲಿರುವವರು ಕೇಳಿದಾಗ ಒಲ್ಲೆನೆನ್ನುವುದು ನಮ್ಮವರ ಸ್ವಭಾವವಲ್ಲ. ಹಗ್ಗ ಬಿಗಿದು ಪೇಟೆಯವರೆಗೂ ಎಳೆದುಕೊಡುತ್ತಾರೆ. ಉಪಕಾರವೇನೋ ದೊಡ್ಡದು, ಮಾಡುವ ರೀತಿ ಮಾತ್ರ ಅಪಾಯದ್ದು.

'ಎಷ್ಟೋ ಜೀಪು ಎಳೆದಿದ್ದೇವೆ, ಏನಾಗಿದೆ?' ಎಂದು ಕೇಳುವವರುಂಟು. ಹಿಂದಿನ ಅನೇಕ ಜೀಪುಗಳಲ್ಲಿ ಕಾಲಿನ ಬಲಕ್ಕೇ ಬ್ರೇಕು ಹಿಡಿಯುತ್ತಿತ್ತು. ಈಗಿನ ಕಾರುಗಳು ಹಾಗಲ್ಲ. ಎಂಜಿನ್ ನಿಂತಮೇಲೆ ಒಂದೆರಡು ಸಲ ತುಳಿಯುವಷ್ಟರಲ್ಲಿ ಬ್ರೇಕು ಕಲ್ಲಿನಂತಾಗುತ್ತದೆ, ಸ್ಟಿಯರಿಂಗ್ ಭಾರವಾಗುತ್ತದೆ. ಬೀಗದಕೈ ತೆಗೆದರಂತೂ ಸ್ಟಿಯರಿಂಗಿಗೆ ಬೀಗವೇ ಬೀಳಬಹುದು. ಹಗ್ಗ ಎಳೆಯಬಲ್ಲದು, ತಡೆಯಲಾರದು. ಇಳಿಜಾರಿನಲ್ಲಿ ಟ್ರ್ಯಾಕ್ಟರ್ ನಿಂತರೆ ಕಾರು ಬಂದು ಅದಕ್ಕೇ ಗುದ್ದುತ್ತದೆ. ಜಗ್ಗಿದ ಹಗ್ಗ ಹರಿದರೆ ಕೊಕ್ಕೆ ಸಮೇತ ಹಾರಿ ಬರುತ್ತದೆ. ಕೆಟ್ಟ ವಾಹನ ಎಳೆಯುವಾಗ ಗಂಟೆಗೆ 24 ಕಿ.ಮೀ. ವೇಗ, ನಡುವೆ 5 ಮೀಟರ್ ಅಂತರ ಮೀರಬಾರದೆಂದು 2017ರವರೆಗೆ ಜಾರಿಯಲ್ಲಿದ್ದ 1989ರ ರಸ್ತೆ ನಿಯಮಾವಳಿ ಮಿತಿ ಹಾಕಿದ್ದು ಸುಮ್ಮನೆ ಅಲ್ಲ.

ಈ ಕೆಲಸಕ್ಕೆ ತಕ್ಕ ಸಾಧನ ಡಾಲಿ. ಅದು ಎರಡು ಗಾಲಿಯ ಸಣ್ಣ ಗಾಡಿ. ಕಾರಿನ ಮುಂಗಾಲಿಗಳನ್ನು ಅದರ ಮೇಲೆ ಹತ್ತಿಸಿ ಪಟ್ಟಿಗಳಿಂದ ಬಿಗಿಯಬೇಕು. ಹಿಂಗಾಲಿಗಳು ನೆಲದ ಮೇಲೆ ಉರುಳುತ್ತವೆ. ಆದ್ದರಿಂದ ಕೈಬ್ರೇಕ್ ಬಿಡಿಸಿರಬೇಕು. ಕಾರಿನೊಳಗೆ ಯಾರೂ ಕೂರಬಾರದು. ಡಾಲಿಯ ಮೂಕಿಯನ್ನು ಟ್ರ್ಯಾಕ್ಟರಿನ ಕೆಳಗಿನ ಡ್ರಾಬಾರಿಗೇ ಸಿಕ್ಕಿಸಬೇಕು. ಮೇಲಿನ ಟಾಪ್ ಲಿಂಕಿಗೆ ಕಟ್ಟಿದರೆ ಟ್ರ್ಯಾಕ್ಟರಿನ ಮೂತಿ ಎದ್ದು ಹಿಂದಕ್ಕೆ ಮಗುಚಬಹುದು. ಪಿನ್ನು ಜಾರಿದರೂ ಡಾಲಿ ಕಳಚಿ ಹೋಗದಂತೆ ಎರಡು ಸರಪಳಿಗಳನ್ನು ಮೂಕಿಯ ಕೆಳಗೆ ಕತ್ತರಿಯಾಕಾರದಲ್ಲಿ ಹಾಕಬೇಕು. ಸ್ವಲ್ಪ ದೂರ ಹೋಗಿ ನಿಲ್ಲಿಸಿ, ಸಡಿಲಾದ ಪಟ್ಟಿಗಳನ್ನು ಮತ್ತೆ ಬಿಗಿಯಬೇಕು. ಇಳಿಜಾರಿನಲ್ಲಿ ನ್ಯೂಟ್ರಲ್ ಕೂಡದು. ಡಾಲಿ ಕಟ್ಟಿಕೊಂಡು ಹಿಂದಕ್ಕೆ ಓಡಿಸಲೂ ಬಾರದು.

ವಾಹನದ ಜಾತಿಯನ್ನೂ ತಿಳಿದಿರಬೇಕು. ಆಲ್ಟೊದಂಥ ಕಾರಿನಲ್ಲಿ ಎಂಜಿನ್ ತಿರುಗಿಸುವುದು ಮುಂಗಾಲಿಗಳನ್ನು. ಹೀಗೆ ಎಳೆದರೆ ತೊಂದರೆಯಿಲ್ಲ. ಬೊಲೆರೊದಂಥ ವಾಹನದಲ್ಲಿ ಹಿಂಗಾಲಿಗಳನ್ನು. ಪ್ರೊಪೆಲರ್ ಶಾಫ್ಟ್ ಬಿಚ್ಚದೆ ದೂರ ಎಳೆದರೆ ಗೇರ್‌ಬಾಕ್ಸ್ ಕೆಡಬಹುದು. ನಾಲ್ಕೂ ಗಾಲಿಗೆ ಬಲವಿರುವ ವಾಹನವನ್ನು ಲಾರಿಯ ಮೇಲೇರಿಸಿ ಒಯ್ಯುವುದೇ ಲೇಸು.

ವರ್ಷಕ್ಕೆ ಒಂದೆರಡು ಸಲದ ಕೆಲಸಕ್ಕೆ ಒಬ್ಬ ರೈತ ಡಾಲಿ ಕೊಳ್ಳುವುದು ಆಗದ ಮಾತು. ಆದರೆ ಕೂರಿಗೆ, ರೋಟವೇಟರ್‌ಗಳನ್ನು ಬಾಡಿಗೆಗೆ ಕೊಡುವ ಸಹಕಾರ ಸಂಘಗಳು ಡಾಲಿಯೊಂದನ್ನೂ ಇಡಬಹುದಲ್ಲವೇ? ಮುಂದಿನ ಸಭೆಯಲ್ಲಿ ಸದಸ್ಯರು ಈ ಮಾತು ಎತ್ತಲಿ. ಅಲ್ಲಿಯವರೆಗೆ ಹಗ್ಗ ಕೇಳಿ ಬಂದವರ ಕಾರನ್ನು ರಸ್ತೆ ಬದಿಗೆ ತಳ್ಳಿಕೊಡಿ, ಕುಡಿಯಲು ನೀರು ಕೊಡಿ, ಪೇಟೆಯಿಂದ ಎಳೆಯುವ ವಾಹನ ಕರೆಸಿಕೊಡಿ. ಅದೂ ಉಪಕಾರವೇ. ಯಾರ ಜೀವಕ್ಕೂ ಎರವಾಗದ ಉಪಕಾರ.