ಹಾಡು ಮತ್ತು ಯಾತ್ರೆ

ಮುತ್ತುಸ್ವಾಮಿ ದೀಕ್ಷಿತರು (1775–1835) ಕಾಶಿಯವರೆಗೂ ಸಂಚರಿಸಿದವರು. ದರ್ಶನ ಮಾಡಿದ ಅನೇಕ ಕ್ಷೇತ್ರಗಳಿಗೆ ಕೃತಿರೂಪವಾದ ಕಾಣಿಕೆಯನ್ನಿತ್ತವರು. ತಿರುಚಿರಾಪಳ್ಳಿಯ ಸಮೀಪದ ತಿರುವಾನೈಕಾವಲಿನ ಜಲಲಿಂಗವನ್ನು ಕುರಿತು ಅವರು ಯಮುನಾಕಲ್ಯಾಣಿರಾಗದಲ್ಲಿ ‘ಜಂಬೂಪತೇ’ ಎಂಬ ಕೃತಿಯನ್ನು ರಚಿಸಿದರು. ನಮ್ಮ ಮನೆಯವರು ಅದನ್ನು ನಿತ್ಯವೂ ಹಾಡುತ್ತಿದ್ದರು. ನಾವಾದರೋ ಅದರ ಸಂಸ್ಕೃತ ಸಮಾಸಗಳನ್ನು ಬಿಡಿಸಿ ಅರ್ಥ ಹೇಳಿ, ಎಲ್ಲವನ್ನೂ ತಿಳಿದೆವೆಂದು ಬೀಗುತ್ತಿದ್ದೆವು. ನಿವೃತ್ತರಾದ ವರ್ಷ ಇಬ್ಬರೂ ಅಲ್ಲಿಗೆ ಹೋದೆವು. ಗರ್ಭಗೃಹದಲ್ಲಿ ನೀರು ಜಿನುಗುತ್ತಿದ್ದಿತು. ಆ ತಂಪಿನಲ್ಲಿ ನಿಂತು ಆಕೆ ಮೆಲ್ಲನೆ ಹಾಡಿದಾಗ, ನಾವು ಹೇಳುತ್ತಿದ್ದುದು ಶಬ್ದಾರ್ಥ ಮಾತ್ರವೆಂದು ನಾಚಿದೆವು.

ಈಗ ಆಕೆಯಿಲ್ಲ. ಸಾಯಂಕಾಲ ಮೊಮ್ಮಗಳು ಅದೇ ಕೃತಿಯನ್ನು ಹಾಡುವಳು. ನಾವು ಅರ್ಥ ಹೇಳಹೋಗುವುದಿಲ್ಲ, ಸುಮ್ಮನೆ ಕೇಳುವೆವು. ವಾಚಕ ಮಹಾಶಯರೇ, ಯಾತ್ರೆಗೆ ಹೊರಡುವಾಗ ಆ ಸ್ಥಳದ ಹಾಡೊಂದನ್ನು ಕಲಿತು ಹೊರಡಿರಿ. ಬುತ್ತಿ ಮುಗಿದ ಮೇಲೂ ಅದು ಉಳಿಯುವುದು.